ಎರಡು ರಾತ್ರಿಯ ಅತಿಥಿಗಳು: ಆಗ್ನೇಯ ಏಷ್ಯಾ ಮತ್ತು ಜಪಾನ್ ಯುವಜನರ ಹಡಗು, ಆತಿಥೇಯ ಕುಟುಂಬವೊಂದರ ಅನುಭವದಲ್ಲಿ

ಹೋಮ್‌ಸ್ಟೇ ಎಂಬ ಪದವನ್ನು ಕೇಳಿದ ಕೂಡಲೇ ನಮ್ಮವರಿಗೆ ಕೊಡಗು ಅಥವಾ ಚಿಕ್ಕಮಗಳೂರಿನ ಕಾಫಿ ತೋಟದೊಳಗಿನ ಬಾಡಿಗೆ ಮನೆ ನೆನಪಾಗುತ್ತದೆ. ನಾನು ಇಲ್ಲಿ ವಿಮರ್ಶಿಸಲು ಹೊರಟಿರುವುದು ಅದನ್ನಲ್ಲ. ಹಣದ ವ್ಯವಹಾರವೇ ಇಲ್ಲದೆ, ಅಪರಿಚಿತ ದೇಶದ ಇಬ್ಬರು ಯುವಜನರನ್ನು ಮನೆಯ ಮಕ್ಕಳಂತೆ ಎರಡು ರಾತ್ರಿ ಇರಿಸಿಕೊಂಡು, ಮೂರನೆಯ ದಿನ ಅವರನ್ನು ಬಂದರಿಗೆ ಕರೆದೊಯ್ದು ಹಡಗು ಹತ್ತಿಸಿ ಬರುವ ಒಂದು ವ್ಯವಸ್ಥೆಯ ಬಗ್ಗೆ ಬರೆಯುತ್ತಿದ್ದೇನೆ. ಜಪಾನ್ ಸರ್ಕಾರವು ಆಗ್ನೇಯ ಏಷ್ಯಾದ ದೇಶಗಳೊಡನೆ ಸೇರಿ 1974ರಿಂದ ನಡೆಸಿಕೊಂಡು ಬಂದಿರುವ ಯುವಜನರ ಹಡಗು ಕಾರ್ಯಕ್ರಮ ಇದು. ಕೋವಿಡ್ ಬರುವುದಕ್ಕೆ ಕೆಲವು ವರ್ಷಗಳ ಮೊದಲು, ಆ ಹಡಗು ಸಿಂಗಪುರಕ್ಕೆ ಬಂದಿದ್ದಾಗ, ಇಲ್ಲಿನ ಸರ್ಕಾರಿ ವಸತಿ ಮಂಡಳಿ (ಎಚ್‌ಡಿಬಿ) ಕಟ್ಟಿದ ನಮ್ಮ ಫ್ಲಾಟಿನ ಮಗನ ಕೋಣೆಯಲ್ಲಿ ಲಾವೋಸಿನ ಒಬ್ಬ ಹುಡುಗಿ ಮತ್ತು ಜಪಾನಿನ ಒಬ್ಬ ಹುಡುಗಿ ತಂಗಿದ್ದರು. ಆತಿಥೇಯರಾಗಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಇಲ್ಲಿನ ಕನ್ನಡಿಗ ಕುಟುಂಬಗಳಿಗೂ, ಇಂಥ ಪ್ರಯಾಣಕ್ಕೆ ಹೊರಡಲು ಆಸೆಪಡುವ ಊರಿನ ಯುವಜನರಿಗೂ ಉಪಯೋಗವಾಗಲಿ ಎಂದು ಈ ಬರಹ.

ಕಾರ್ಯಕ್ರಮದ ಹಿನ್ನೆಲೆಯನ್ನು ತಿಳಿದುಕೊಂಡರೆ ಅದರ ಸ್ವರೂಪ ಸುಲಭವಾಗಿ ಅರ್ಥವಾಗುತ್ತದೆ. 1974ರ ಜನವರಿಯಲ್ಲಿ ಜಪಾನಿನ ಪ್ರಧಾನಿ ತನಾಕಾ ಕಾಕುಎಯ್ ಅವರು ಆಗ್ನೇಯ ಏಷ್ಯಾದ ಪ್ರವಾಸ ಕೈಗೊಂಡಾಗ ಬ್ಯಾಂಕಾಕಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಜಕಾರ್ತದಲ್ಲಿ ಜನವರಿ 15ರಂದು ಪ್ರತಿಭಟನೆ ಗಲಭೆಯಾಗಿ ಜಪಾನಿ ವಾಹನಗಳಿಗೆ ಬೆಂಕಿ ಬಿತ್ತು. ಯುದ್ಧ ಮುಗಿದು ಮೂವತ್ತು ವರ್ಷ ಕೂಡ ಆಗಿರಲಿಲ್ಲ; ಜಪಾನಿನ ಸರಕುಗಳು ಮಾರುಕಟ್ಟೆಯನ್ನು ತುಂಬಿಕೊಂಡಿದ್ದವು; ಆದರೆ ಜನರ ನಡುವೆ ಪರಿಚಯವೆಂಬುದು ಬೆಳೆದಿರಲಿಲ್ಲ. ಅದೇ ತಿಂಗಳು ಇಂಡೋನೇಷ್ಯಾ, ಮಲೇಷ್ಯಾ, ಫಿಲಿಪೀನ್ಸ್, ಸಿಂಗಪುರ ಮತ್ತು ಥಾಯ್ಲೆಂಡ್ ದೇಶಗಳೊಡನೆ ಹೊರಡಿಸಿದ ಜಂಟಿ ಹೇಳಿಕೆಗಳ ಫಲವಾಗಿ ಈ ಹಡಗಿನ ಯೋಜನೆ ಹುಟ್ಟಿ, ಆ ವರ್ಷವೇ ಮೊದಲ ಪ್ರಯಾಣ ನಡೆಯಿತು. ಬ್ರುನೈ, ವಿಯೆಟ್ನಾಂ, ಲಾವೋಸ್, ಮ್ಯಾನ್ಮಾರ್ ಮತ್ತು ಕಾಂಬೋಡಿಯಾ ಅನಂತರದ ವರ್ಷಗಳಲ್ಲಿ ಸೇರಿಕೊಂಡವು. ಇಬ್ಬರು ಸರ್ಕಾರಿ ಪ್ರತಿನಿಧಿಗಳು ಮೇಜಿನ ಎದುರುಬದುರು ಕುಳಿತು ಮಾಡಲಾಗದ ಕೆಲಸವನ್ನು ಅಡುಗೆಮನೆಗಳಿಗೆ ವಹಿಸಿದ್ದು ಈ ಯೋಜನೆಯ ಅತ್ಯಂತ ವಿವೇಕದ ನಿರ್ಧಾರವೆಂದು ನಾನು ಭಾವಿಸುತ್ತೇನೆ.

ನಮ್ಮ ಅತಿಥಿಗಳು ಬಂದದ್ದು ನಿಪ್ಪೊನ್ ಮಾರು ಎಂಬ ಹಡಗಿನಲ್ಲಿ. 1990ರಲ್ಲಿ ಸೇವೆಗೆ ಬಂದ, ಇಪ್ಪತ್ತೆರಡು ಸಾವಿರ ಟನ್ನಿಗೂ ಮಿಕ್ಕಿದ ಈ ಪ್ರವಾಸಿ ಹಡಗಿನಲ್ಲಿ 18ರಿಂದ 30 ವರ್ಷದೊಳಗಿನ 300ಕ್ಕೂ ಹೆಚ್ಚು ಯುವಜನರು ಆಗ ಸುಮಾರು ಐವತ್ತು ದಿನ ಒಟ್ಟಿಗೆ ಬದುಕುತ್ತಿದ್ದರು. ಇವರನ್ನು ಕಾರ್ಯಕ್ರಮದ ಭಾಷೆಯಲ್ಲಿ ‘ಪಿವೈ’ (ಪಾರ್ಟಿಸಿಪೇಟಿಂಗ್ ಯೂತ್, ಎಂದರೆ ಭಾಗವಹಿಸುವ ಯುವಜನರು) ಎಂದು ಕರೆಯುತ್ತಾರೆ. ಒಂದೊಂದು ಕ್ಯಾಬಿನ್ನಿನಲ್ಲಿ ಮೂವರು, ಮೂವರದ್ದೂ ಬೇರೆ ಬೇರೆ ದೇಶ. ಎಲ್ಲ ದೇಶದವರನ್ನೂ ಬೆರೆಸಿ ‘ಎಸ್‌ಜಿ’ (ಸಾಲಿಡಾರಿಟಿ ಗ್ರೂಪ್) ಎಂಬ ಹನ್ನೊಂದು ಗುಂಪುಗಳನ್ನು ಮಾಡಿರುತ್ತಿದ್ದರು. ಬೆಳಿಗ್ಗೆ ಧ್ವಜಾರೋಹಣ, ಹಗಲಿಡೀ ಚರ್ಚಾಗೋಷ್ಠಿಗಳು, ಸಂಜೆ ಒಂದೊಂದು ದೇಶದವರ ನೃತ್ಯ ಮತ್ತು ಹಾಡು, ರಾತ್ರಿ ಮರುದಿನದ ತಯಾರಿ. ಇವೆಲ್ಲವನ್ನೂ ನಾನು ಕಣ್ಣಾರೆ ಕಂಡದ್ದಲ್ಲ, ಹುಡುಗಿಯರು ಹೇಳಿದ್ದು. ಹಡಗಿನ ಚರ್ಚೆಗಳ ಗುಣಮಟ್ಟವನ್ನು ಅಳೆಯುವುದು ನನ್ನ ಕೆಲಸವಲ್ಲ. ಆದರೆ ಹಡಗಿನ ಒಂದು ಪರಿಣಾಮವನ್ನು ಮನೆಯಲ್ಲಿ ಕುಳಿತೇ ಅಳೆಯಲು ಸಾಧ್ಯವಾಯಿತು, ಮತ್ತು ಈ ವಿಮರ್ಶೆಯ ಮುಖ್ಯ ಮಾತು ಅದೇ.

ವಿಮಾನದಲ್ಲಿ ಬಂದಿಳಿಯುವ ಅತಿಥಿಗೂ ಹಡಗಿನಲ್ಲಿ ಬಂದಿಳಿಯುವ ಅತಿಥಿಗೂ ಬಹಳ ವ್ಯತ್ಯಾಸವಿದೆ. ನನ್ನ ಅಣ್ಣನ ಮಗ ರೋಟರಿಯ ಯುವ ವಿನಿಮಯದಲ್ಲಿ ಹುಬ್ಬಳ್ಳಿಯಿಂದ ಹೋಗಿ ಒಂದು ಶಾಲಾ ವರ್ಷವನ್ನು ಹೊರದೇಶದಲ್ಲಿ, ಒಂದಾದ ಮೇಲೊಂದರಂತೆ ಹಲವು ಕುಟುಂಬಗಳೊಡನೆ ಕಳೆದು ಬಂದವನು. ಮೊದಲ ಮನೆಯಲ್ಲಿ ತಾನು ಬಾಯಿಬಿಟ್ಟು ಮಾತನಾಡಲು, ಹಸಿವಾದಾಗ ಹಸಿವೆಂದು ಹೇಳಲು ಒಂದು ತಿಂಗಳು ಹಿಡಿಯಿತೆಂದು ಅವನು ಹೇಳಿದ್ದ. ಅವನಿಗೆ ಆ ತಿಂಗಳನ್ನು ಕಳೆಯುವಷ್ಟು ಸಮಯವಿತ್ತು. ಎರಡು ರಾತ್ರಿಯ ಅತಿಥಿಗೆ ಅದಿಲ್ಲ. ಆದರೆ ನಮ್ಮ ಮನೆಗೆ ಬಂದ ಇಬ್ಬರೂ ಅಷ್ಟು ಹೊತ್ತಿಗಾಗಲೇ ಜಪಾನಿನ ಒಂದು ಪ್ರಾಂತ್ಯದಲ್ಲಿ ಮನೆವಾಸ ಮುಗಿಸಿ, ಮೂರು ಹಾಸಿಗೆಯ ಕ್ಯಾಬಿನ್ನಿನಲ್ಲಿ ಅಪರಿಚಿತರ ನಿದ್ದೆ, ಗೊರಕೆ, ಪ್ರಾರ್ಥನೆಯ ಹೊತ್ತುಗಳಿಗೆ ಹೊಂದಿಕೊಂಡು, ಸಮುದ್ರ ಏರಿಳಿದಾಗ ಪರಸ್ಪರರ ತಲೆ ಹಿಡಿದುಕೊಂಡು ವಾಂತಿ ಮಾಡಿಕೊಂಡು ಬಂದವರು. ಪರರೊಡನೆ ಬದುಕುವ ಅಭ್ಯಾಸ ಅವರಿಗೆ ಆಗಿಹೋಗಿತ್ತು. ಮನೆಗೆ ಬಂದ ಒಂದು ಗಂಟೆಯೊಳಗೆ ಲಾವೋಸಿನ ಹುಡುಗಿ ಅಡುಗೆಮನೆಗೆ ಬಂದು ತಟ್ಟೆಗಳನ್ನು ಒರೆಸತೊಡಗಿದ್ದು ಈ ಅಭ್ಯಾಸದಿಂದಲೇ. ಎರಡು ರಾತ್ರಿ ಸಾಲದು ಎಂಬುದು ನಾನು ಅನೇಕರಿಂದ ಕೇಳಿದ ಆಕ್ಷೇಪ. ಹಡಗು ಆ ಮೊದಲ ತಿಂಗಳ ಕೆಲಸವನ್ನು ಮಾಡಿ ಮುಗಿಸಿರುವುದರಿಂದ, ಇಲ್ಲಿ ಎರಡು ರಾತ್ರಿ ಸಾಕಾಗುತ್ತದೆ ಎಂಬುದು ನನ್ನ ಅನುಭವ.

ಆತಿಥೇಯರಿಗೆ ಯಾರೂ ಹಣ ಕೊಡುವುದಿಲ್ಲ. ಸಾಮಾನ್ಯವಾಗಿ ಬೇರೆ ಬೇರೆ ದೇಶದ ಇಬ್ಬರನ್ನು ಒಂದು ಮನೆಗೆ ಕಳುಹಿಸುತ್ತಾರೆ. ಬಂದರಿನ ಬಳಿಯ ಸಭಾಂಗಣದಲ್ಲಿ ಹೆಸರು ಕರೆದು ಜೋಡಿ ಮಾಡುತ್ತಾರೆ. ಈ ಜೋಡಿ ಮಾಡುವ ಹೊತ್ತಿನಲ್ಲಿ ನಮಗೆ ಒಂದು ತೊಂದರೆಯಾಯಿತು. ಅತಿಥಿಗಳ ಆಹಾರ ಪದ್ಧತಿ, ಅಲರ್ಜಿ ಮುಂತಾದ ವಿವರಗಳ ಪತ್ರವನ್ನು ನಮಗೆ ತಲುಪಿಸಬೇಕಾಗಿದ್ದ ಒಂದು ಸ್ಥಳೀಯ ಸಮಿತಿಯು ಅದನ್ನು ಕೊಟ್ಟದ್ದು ಅತಿಥಿಗಳನ್ನು ಕೊಟ್ಟ ಮೇಲೆ. ನಾವು ಸಸ್ಯಾಹಾರಿಗಳು ಎಂದು ನಾವು ತುಂಬಿಕೊಟ್ಟಿದ್ದ ಮಾಹಿತಿಯೂ ಹುಡುಗಿಯರಿಗೆ ಮುಟ್ಟಿರಲಿಲ್ಲ. ಜಪಾನಿನ ಹುಡುಗಿ ಉಡುಗೊರೆಯೆಂದು ಮಿಸೊ ಸೂಪಿನ ಪೊಟ್ಟಣಗಳನ್ನು ತಂದಿದ್ದಳು. ಅದನ್ನು ಕೊಟ್ಟ ಮೇಲೆ ನಮ್ಮ ಊಟದ ಕ್ರಮವನ್ನು ಕೇಳಿ, ಪೊಟ್ಟಣದ ಹಿಂದಿನ ಅಕ್ಷರಗಳನ್ನು ಓದಿ, ಒಣ ಮೀನಿನ ಸಾರ ಅದರಲ್ಲಿದೆಯೆಂದು ತಿಳಿದು ಬಹಳ ನೊಂದುಕೊಂಡಳು. ಆಕೆಯ ತಪ್ಪು ಏನೇನೂ ಇರಲಿಲ್ಲ. ಆತಿಥೇಯರಾಗುವವರು ಈ ಪತ್ರವನ್ನು ಕನಿಷ್ಠ ಒಂದು ವಾರ ಮೊದಲು ಕೇಳಿ ಪಡೆಯಬೇಕು, ಕೊಡದಿದ್ದರೆ ಮತ್ತೆ ಮತ್ತೆ ಕೇಳಬೇಕು. ಇಲ್ಲಿ ಹಲಾಲ್ ಆಹಾರ ಬೇಕಾದ ಅತಿಥಿಗಳು ಬರುತ್ತಾರೆ, ಹಂದಿಮಾಂಸವಿಲ್ಲದೆ ಊಟವೇ ಅಲ್ಲವೆನ್ನುವ ಊರುಗಳಿಂದಲೂ ಬರುತ್ತಾರೆ. ಯಾರಿಗೂ ಮುಜುಗರವಾಗದಂತೆ ನೋಡಿಕೊಳ್ಳುವ ಹೊಣೆ ಮನೆಯವರದ್ದು.

ಇನ್ನೊಂದು ತಪ್ಪು ನಮ್ಮದೇ. ಬಂದವರಿಗೆ ಎಲ್ಲವನ್ನೂ ತೋರಿಸಬೇಕೆಂಬ ಉತ್ಸಾಹದಲ್ಲಿ ನಮ್ಮ ಯಜಮಾನರು ಎರಡನೆಯ ದಿನಕ್ಕೆ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗಿನ ಕಾರ್ಯಕ್ರಮ ಹಾಕಿದ್ದರು. ಮರೀನಾ ಬೇ, ಸಸ್ಯೋದ್ಯಾನ, ಸೆಂತೋಸ ಎಂದು ಪಟ್ಟಿ ಬೆಳೆದಿತ್ತು. ಸಸ್ಯೋದ್ಯಾನ ಮುಗಿಯುವ ಹೊತ್ತಿಗೆ ಮಳೆ ಹಿಡಿಯಿತು. ನವೆಂಬರಿನಲ್ಲಿ ಇಲ್ಲಿ ಈಶಾನ್ಯ ಮಾರುತದ ಮಳೆ ಆರಂಭವಾಯಿತೆಂದರೆ ಗಂಟೆಗಟ್ಟಲೆ ಬಿಡುವುದಿಲ್ಲ. ನಾವು ತೊಯ್ದು ಮನೆಗೆ ಮರಳಿದೆವು. ಮನೆಯಲ್ಲಿ ಅತ್ತೆ ಶಾವಿಗೆಗೆ ಅಕ್ಕಿ ನೆನೆಸಿಟ್ಟಿದ್ದರು. ಇಡೀ ಮೂರು ದಿನಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಉಳಿದಿರುವುದು ಆ ಮಧ್ಯಾಹ್ನ.

ನಮ್ಮ ಅತ್ತೆ ತೀರ್ಥಹಳ್ಳಿ ಕಡೆಯವರು. ಅವರಿಗೆ ಕನ್ನಡವಲ್ಲದೆ ಬೇರೆ ಭಾಷೆ ಬರುವುದಿಲ್ಲ. ಸಿಂಗಪುರಕ್ಕೆ ಬರುವಾಗ ಹಿತ್ತಾಳೆಯ ಶಾವಿಗೆ ಒರಳನ್ನು ಸೀರೆಗಳ ನಡುವೆ ಸುತ್ತಿ ತಂದವರು. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಹಿಟ್ಟನ್ನು ಒಲೆಯ ಮೇಲೆ ಮಗುಚುತ್ತಾ ಮುದ್ದೆ ಮಾಡಿ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿ, ಕೈ ಸುಡುವಷ್ಟು ಬಿಸಿ ಇರುವಾಗಲೇ ಒರಳಿಗೆ ಹಾಕಿ ಒತ್ತಬೇಕು. ಆರಿದರೆ ಎಳೆ ಇಳಿಯುವುದಿಲ್ಲ. ಅತ್ತೆ ಮೊದಲ ಉಂಡೆಯನ್ನು ಹಾಕುತ್ತಿದ್ದಂತೆಯೇ ಲಾವೋಸಿನ ಹುಡುಗಿ ಎದ್ದು ಬಂದಳು. ಅವಳ ಇಂಗ್ಲಿಷ್ ಅಷ್ಟೇನೂ ಸರಾಗವಾಗಿರಲಿಲ್ಲ. ಹಿಂದಿನ ದಿನವೆಲ್ಲ ಜಪಾನಿನ ಗೆಳತಿಯೇ ಅವಳ ಪರವಾಗಿ ಮಾತನಾಡಿದ್ದಳು. ಈಗ ಅವಳು ತಟ್ಟೆಯನ್ನು ಒರಳಿನ ಕೆಳಗೆ ಸುತ್ತುತ್ತಾ, ಎಳೆಗಳು ಒಂದರ ಮೇಲೊಂದು ಅಂಟಿಕೊಳ್ಳದಂತೆ ಹಿಡಿದದ್ದನ್ನು ನೋಡಿ ಅತ್ತೆ, ‘ಇವಳಿಗೆ ಗೊತ್ತಿದೆ ಕಣೇ’ ಎಂದರು. ಅವಳಿಗೆ ನಿಜವಾಗಿಯೂ ಗೊತ್ತಿತ್ತು. ಲಾವೋಸಿನಲ್ಲಿ ಖಾವೋ ಪೂನ್ ಎಂಬ ಅಕ್ಕಿ ಶಾವಿಗೆಯನ್ನು ಹೀಗೆಯೇ ಒತ್ತಿ, ತೆಂಗಿನ ಹಾಲು ಬೆರೆಸಿದ ಖಾರದ ಸಾರಿನೊಡನೆ ಉಣ್ಣುತ್ತಾರಂತೆ. ನಮ್ಮ ಮನೆಯ ಬೆಲ್ಲದ ಕಾಯಿಹಾಲನ್ನು ಬಾಯಿಗಿಟ್ಟು, ಅದು ಸಿಹಿಯಾಗಿರುವುದನ್ನು ಕಂಡು ಆಶ್ಚರ್ಯದಿಂದ ನಕ್ಕು, ಎರಡನೆಯ ಸಲ ಹಾಕಿಸಿಕೊಂಡಳು. ಮುಂದಿನ ಎರಡು ಗಂಟೆ ಅತ್ತೆ ಕನ್ನಡದಲ್ಲಿಯೂ ಅವಳು ಲಾವೋ ಭಾಷೆಯಲ್ಲಿಯೂ ಮಾತನಾಡಿದರು. ಜಪಾನಿನ ಹುಡುಗಿ ನನ್ನ ಮಗನಿಗೆ ಕಾಗದದ ಕೊಕ್ಕರೆ ಮಡಿಸುವುದನ್ನು ಕಲಿಸುತ್ತಾ ನೆಲದ ಮೇಲೆ ಕುಳಿತಿದ್ದಳು. ಯಾರೂ ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಆ ಸಂಜೆಯ ಮಾತಿನಲ್ಲಿ ತಿಳಿದ ಇನ್ನೊಂದು ಸಂಗತಿಯೆಂದರೆ, ಲಾವೋಸಿನ ಹುಡುಗಿ ಸಮುದ್ರವನ್ನು ಕಂಡದ್ದೇ ಈ ಪ್ರಯಾಣದಲ್ಲಿ. ಅವಳ ದೇಶಕ್ಕೆ ಕಡಲ ತೀರವಿಲ್ಲ. ಸುತ್ತಲೂ ಐದು ದೇಶಗಳ ನೆಲ. ಮೆಕಾಂಗ್ ನದಿಯ ದಡದಲ್ಲಿ ಬೆಳೆದವಳು ಹಡಗಿನ ಮೊದಲ ರಾತ್ರಿ ಆಚೆ ದಡಕ್ಕಾಗಿ ಕತ್ತಲಲ್ಲಿ ಹುಡುಕಿದಳಂತೆ. ಇದನ್ನು ಅವಳು ಬಿಡಿಬಿಡಿ ಇಂಗ್ಲಿಷ್ ಪದಗಳಲ್ಲಿ, ಕೈಯಿಂದ ದಡವೊಂದನ್ನು ಗೀರಿ ತೋರಿಸಿ ಹೇಳಿದಳು.

ಜಪಾನಿನ ಹುಡುಗಿಗೆ ಒಂದೇ ಒಂದು ಜಾಗವನ್ನು ನೋಡಬೇಕೆಂದಿತ್ತು, ಮತ್ತು ಅದು ನಮ್ಮ ಪಟ್ಟಿಯಲ್ಲಿರಲಿಲ್ಲ. ಬೀಚ್ ರೋಡಿನ ಪಕ್ಕದ ನಾಗರಿಕ ಯುದ್ಧ ಸ್ಮಾರಕ. 1942ರ ಫೆಬ್ರವರಿ 15ರಂದು ಬ್ರಿಟಿಷರು ಶರಣಾದ ಮೇಲೆ ಮೂರೂವರೆ ವರ್ಷ ಸಿಂಗಪುರ ಜಪಾನಿನ ಆಡಳಿತದಲ್ಲಿತ್ತು. ಊರಿಗೆ ಸ್ಯೋನಾನ್ ಎಂದು ಹೆಸರಿಟ್ಟಿದ್ದರು. ಮೊದಲ ವಾರಗಳಲ್ಲಿಯೇ ಚೀನೀ ಗಂಡಸರನ್ನು ಆರಿಸಿ ಕಡಲ ತೀರಗಳಿಗೆ ಒಯ್ದು ಕೊಂದರು. ಆ ಕಾಲದಲ್ಲಿ ಸತ್ತ ನಾಗರಿಕರ ನೆನಪಿಗೆ 1967ರ ಫೆಬ್ರವರಿ 15ರಂದು ಉದ್ಘಾಟನೆಯಾದ ಈ ಸ್ಮಾರಕದಲ್ಲಿ ನಾಲ್ಕು ಬಿಳಿಯ ಕಂಬಗಳು ಬುಡದಲ್ಲಿ ಒಂದಾಗಿ ಮೇಲಕ್ಕೆ ಏಳುತ್ತವೆ: ಚೀನೀಯರು, ಮಲಯರು, ಭಾರತೀಯರು, ಯುರೇಷಿಯನ್ನರು ಎಂಬ ನಾಲ್ಕು ಸಮುದಾಯಗಳಿಗೆ ಒಂದೊಂದು. ಇಷ್ಟು ವರ್ಷ ಇಲ್ಲಿದ್ದರೂ ನಾನು ಬಸ್ಸಿನ ಕಿಟಕಿಯಿಂದಷ್ಟೇ ಅದನ್ನು ನೋಡಿದ್ದೆ. ಮೂರನೆಯ ದಿನ ಬೆಳಿಗ್ಗೆ, ಬಂದರಿಗೆ ಹೋಗುವ ದಾರಿಯಲ್ಲಿ ನಾವು ಅಲ್ಲಿ ಇಳಿದೆವು. ಅವಳು ಶಾಸನವನ್ನು ನಿಧಾನವಾಗಿ ಓದಿ, ಕಂಬಗಳ ನಡುವೆ ನಿಂತು ಬಹಳ ಹೊತ್ತು ತಲೆ ಬಾಗಿಸಿದಳು. ಶಾಲೆಯಲ್ಲಿ ಇದರ ಬಗ್ಗೆ ಒಂದೆರಡು ಸಾಲು ಮಾತ್ರ ಓದಿದ್ದೆ ಎಂದಳು. ನಾನು ಉತ್ತರವಾಗಿ ಏನನ್ನೂ ಹೇಳಲಿಲ್ಲ. ಲಾವೋಸಿನ ಹುಡುಗಿ ಅವಳ ಕೈಹಿಡಿದು ನಡೆಸಿಕೊಂಡು ಬಂದಳು. ಹಡಗಿನ ಚರ್ಚಾಗೋಷ್ಠಿಗಳಲ್ಲಿ ಇತಿಹಾಸದ ಮಾತು ಎಷ್ಟು ಬರುತ್ತದೋ ನನಗೆ ತಿಳಿಯದು; ಈ ಬೆಳಗಿನ ಅರ್ಧ ಗಂಟೆ ಮಾತ್ರ ಆ ಇಬ್ಬರ ನಡುವೆ, ನಮ್ಮ ನಡುವೆ, ಗಟ್ಟಿಯಾಗಿ ಕುಳಿತಿತು. ಅತಿಥಿಗಳು ಏನು ನೋಡಲು ಬಯಸುತ್ತಾರೆಂದು ಮೊದಲ ಸಂಜೆಯೇ ಕೇಳಿಬಿಡಬೇಕು ಎಂಬುದನ್ನು ನಾನು ಕಲಿತದ್ದು ಹೀಗೆ.

ಮನೆಯಿಂದ ಹೊರಡುವ ಮೊದಲು ಲಾವೋಸಿನ ಹುಡುಗಿ ತನ್ನ ಚೀಲದಿಂದ ಬಿಳಿಯ ಹತ್ತಿಯ ದಾರದ ಉಂಡೆಯನ್ನು ತೆಗೆದಳು. ಬಾಸಿ ಎಂಬುದು ಅವರ ಕಡೆಯ ಶುಭಕಾರ್ಯ: ಮದುವೆ, ಹುಟ್ಟು, ಪ್ರಯಾಣ, ಬೀಳ್ಕೊಡುಗೆಗಳಲ್ಲಿ ಮಣಿಕಟ್ಟಿಗೆ ಬಿಳಿಯ ದಾರ ಕಟ್ಟಿ, ದೇಹದ ಚೈತನ್ಯಗಳು ಚೆದುರಿಹೋಗದೆ ಜೊತೆಯಲ್ಲೇ ಇರಲಿ ಎಂದು ಹರಸುತ್ತಾರೆ. ದಾರವನ್ನು ಕನಿಷ್ಠ ಮೂರು ದಿನ ಬಿಚ್ಚಬಾರದು. ಕಟ್ಟಿಸಿಕೊಳ್ಳುವವರು ಇನ್ನೊಂದು ಕೈಯನ್ನು ಎತ್ತಿ ಹಿಡಿಯಬೇಕೆಂದು ಅವಳು ತೋರಿಸಿಕೊಟ್ಟಳು. ಅತ್ತೆಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಕಂಕಣ ಕಟ್ಟಿಸಿಕೊಳ್ಳುವ ಭಕ್ತಿಯಿಂದಲೇ ಕೈ ಚಾಚಿದರು, ಅನಂತರ ಇಬ್ಬರು ಹುಡುಗಿಯರಿಗೂ ಅರಿಶಿನ ಕುಂಕುಮ ಕೊಟ್ಟು, ಟೆಕ್ಕಾ ಮಾರುಕಟ್ಟೆಯಿಂದ ತರಿಸಿಟ್ಟಿದ್ದ ಮಲ್ಲಿಗೆಯ ದಂಡೆಯನ್ನು ಮುಡಿಸಿದರು.

ಹಡಗನ್ನು ಕಳುಹಿಸಿಕೊಡುವ ಸಮಾರಂಭಕ್ಕೆ ಬರುವವರು ಒಂದು ವಿಷಯವನ್ನು ಮೊದಲೇ ತಿಳಿದಿರಲಿ. ಭಾಷಣಗಳು, ಕೈಕುಲುಕುಗಳು ಮುಗಿದ ಮೇಲೆ ಎಲ್ಲರೂ ಹಡಗಿನ ಕಟಾಂಜನದ ಬಳಿ ಸಾಲಾಗಿ ನಿಂತು, ಬಣ್ಣಬಣ್ಣದ ಕಾಗದದ ಸುರುಳಿಗಳನ್ನು ದಡದ ಕಡೆಗೆ ಎಸೆಯುತ್ತಾರೆ. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನಮ್ಮ ಕೈಯಲ್ಲಿ. ಇದು ಜಪಾನಿನ ಬಂದರುಗಳ ಹಳೆಯ ಪದ್ಧತಿ. ಹಡಗು ಸರಿಯುತ್ತಾ ಹೋದಂತೆ ಸುರುಳಿ ಬಿಚ್ಚಿಕೊಂಡು, ಬಿಗಿಯಾಗಿ, ಕೊನೆಗೆ ಹರಿಯುತ್ತದೆ. ನನ್ನ ಮಗ ತನ್ನ ಹಳದಿ ಕಾಗದ ಹರಿಯದಿರಲೆಂದು ದಡದ ಉದ್ದಕ್ಕೂ ಓಡಿದ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವವರು ಅವರ ಕೈ ಬಿಡಬಾರದು. ದೊಡ್ಡವರ ಕಣ್ಣಿಗೂ ಆ ಹೊತ್ತಿನಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ.

ಮೂರು ದಿನದ ಪರಿಚಯ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಬರುತ್ತೇನೆ. ಈ ಕಾರ್ಯಕ್ರಮದಲ್ಲಿ ಭಾಗವಹಿಸುವ ದೇಶಗಳಲ್ಲೆಲ್ಲ ಹಳೆಯ ಪಿವೈಗಳ ಸಂಘಗಳಿವೆ; ಮನೆವಾಸದ ಏರ್ಪಾಡುಗಳಲ್ಲಿ ದುಡಿಯುವವರಲ್ಲಿ ಅನೇಕರು ಹಿಂದೆ ಇದೇ ಹಡಗಿನಲ್ಲಿ ಹೋಗಿ ಬಂದವರೇ. ನಮ್ಮನ್ನು ಇದಕ್ಕೆ ಸೇರಿಸಿದ ನೆರೆಮನೆಯ ಮಲಯ ಮಹಿಳೆ ಕೂಡ ಹಾಗೆ ಹೋಗಿ ಬಂದವರು. ತಮ್ಮನ್ನು ಇರಿಸಿಕೊಂಡಿದ್ದ ಫಿಲಿಪೀನ್ಸಿನ ಕುಟುಂಬದ ಮದುವೆಗಳಿಗೆ ಇಂದಿಗೂ ಹೋಗಿಬರುತ್ತಾರೆ. ಮಲಯ ಭಾಷೆಯಲ್ಲಿ ‘ಅನಕ್ ಅಂಕತ್’ ಎಂದರೆ ಸಾಕುಮಗು. ಆತಿಥೇಯರು ತಮ್ಮಲ್ಲಿ ತಂಗಿದವರನ್ನು ಹಾಗೆಯೇ ಕರೆಯುತ್ತಾರೆ. ನನ್ನ ಅನುಭವ ಇನ್ನೂ ಚಿಕ್ಕದು. ಜಪಾನಿನ ಹುಡುಗಿ ಹೊಸ ವರ್ಷಕ್ಕೆ ಕಾರ್ಡ್ ಕಳುಹಿಸುತ್ತಾಳೆ, ಲಾವೋಸಿನವಳು ಫೋನಿನಲ್ಲಿ ಅತ್ತೆಯ ಮುಖ ನೋಡಲು ಕೇಳುತ್ತಾಳೆ. ಸಂಬಂಧ ಉಳಿಸಿಕೊಳ್ಳುವ ಕೆಲಸವನ್ನು ಯಾವ ಕಾರ್ಯಕ್ರಮವೂ ನಮ್ಮ ಪರವಾಗಿ ಮಾಡಲಾರದು; ವಿಳಾಸ ಬರೆದುಕೊಂಡು ಮೊದಲ ಪತ್ರವನ್ನು ನಾವೇ ಬರೆಯಬೇಕು.

ಕರ್ನಾಟಕದ ಓದುಗರಿಗೆ ಎರಡು ಮಾತು. ಈ ಹಡಗಿನಲ್ಲಿ ಭಾರತಕ್ಕೆ ಸ್ಥಾನವಿಲ್ಲ. ಅದು ಜಪಾನ್ ಮತ್ತು ಆಸಿಯಾನ್ ದೇಶಗಳಿಗೆ ಸೀಮಿತವಾದದ್ದು. ಆದರೆ ಜಪಾನ್ ಸರ್ಕಾರವೇ ನಡೆಸುವ ವಿಶ್ವ ಯುವಜನರ ಹಡಗು ಎಂಬ ಇನ್ನೊಂದು ಕಾರ್ಯಕ್ರಮವಿದೆ. 1967ರಲ್ಲಿ ಜಪಾನಿನ ಯುವಜನರನ್ನು ಹೊರದೇಶಗಳಿಗೆ ಕಳುಹಿಸಲು ಆರಂಭವಾದ ಪ್ರಯಾಣವೇ ಬೆಳೆದು 1988ರಲ್ಲಿ ಆ ರೂಪ ಪಡೆಯಿತು. ಅದಕ್ಕೆ ಜಗತ್ತಿನ ಬೇರೆ ಬೇರೆ ಭಾಗಗಳ ದೇಶಗಳನ್ನು ಸರದಿಯಂತೆ ಆಹ್ವಾನಿಸುತ್ತಾರೆ, ಮತ್ತು ಭಾರತದ ಯುವಜನರು ಹಲವು ಬಾರಿ ಭಾಗವಹಿಸಿದ್ದಾರೆ. ಭಾರತದ ತಂಡದ ಆಯ್ಕೆ ಕೇಂದ್ರದ ಯುವಜನ ವ್ಯವಹಾರ ಮತ್ತು ಕ್ರೀಡಾ ಸಚಿವಾಲಯದ ಮೂಲಕ ನಡೆಯುವುದರಿಂದ, ಎನ್‌ಎಸ್‌ಎಸ್‌ನಲ್ಲಿ ಮನಸ್ಸಿಟ್ಟು ದುಡಿಯುತ್ತಿರುವ ಮಕ್ಕಳು ಸಚಿವಾಲಯದ ಪ್ರಕಟಣೆಗಳ ಮೇಲೆ ಕಣ್ಣಿಡುವುದು ಒಳ್ಳೆಯದು. ವಿದೇಶದ ಕುಟುಂಬದೊಡನೆ ಇರಿಸುತ್ತೇವೆಂದು ಲಕ್ಷಗಟ್ಟಲೆ ಶುಲ್ಕ ಕೇಳುವ ಮಧ್ಯವರ್ತಿಗಳ ಬಳಿ ಹೋಗುವ ಮೊದಲು ಇಂಥ ಅವಕಾಶಗಳನ್ನು ವಿಚಾರಿಸಿ ನೋಡಬೇಕು. ಹೊರಡುವ ಹುಡುಗ ಹುಡುಗಿಯರು ವೇದಿಕೆಯ ಮೇಲಿನ ನೃತ್ಯದಷ್ಟೇ ಶ್ರದ್ಧೆಯಿಂದ ಮನೆಯ ಎರಡು ಅಡುಗೆಗಳನ್ನೂ ಕಲಿತು ಹೋಗಲಿ. ಆತಿಥೇಯರ ಅಡುಗೆಮನೆಗೆ ಕಾಲಿಡಲು ಅದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ.

ಕೋವಿಡ್ ಕಾಲದಲ್ಲಿ ಈ ಪ್ರಯಾಣಗಳು ನಿಂತವು. ಅದಕ್ಕೂ ಮೊದಲೇ, ಪ್ರತಿ ವರ್ಷವೂ ಎಲ್ಲ ದೇಶಗಳ ಬಂದರುಗಳಿಗೆ ಹಡಗು ಹೋಗುತ್ತಿರಲಿಲ್ಲ; ಆದ್ದರಿಂದ ಆತಿಥೇಯರಾಗುವ ಅವಕಾಶ ಬಂದ ವರ್ಷ ಅದನ್ನು ಮುಂದಕ್ಕೆ ಹಾಕಬೇಡಿ ಎಂದೇ ನಾನು ಹೇಳುತ್ತೇನೆ. ದೊಡ್ಡ ಮನೆ ಬೇಕಾಗಿಲ್ಲ. ಒಂದು ಕೋಣೆ, ಎರಡು ಹಾಸಿಗೆ, ಏನೂ ನಿಗದಿಯಾಗಿರದ ಒಂದು ಮಧ್ಯಾಹ್ನ ಇದ್ದರೆ ಸಾಕು. ಅತ್ತೆ ಕಳೆದ ಬಾರಿ ಊರಿಗೆ ಹೋದಾಗ ಇನ್ನೊಂದು ಶಾವಿಗೆ ಒರಳನ್ನು ಕೊಂಡು ತಂದಿದ್ದಾರೆ. ಅದನ್ನು ಲಾವೋಸಿನ ರಾಜಧಾನಿ ವಿಯೆಂಟಿಯಾನಿಗೆ ಅಂಚೆಯಲ್ಲಿ ಕಳುಹಿಸಬಹುದೇ, ಎಷ್ಟು ತೂಕದವರೆಗೆ ತೆಗೆದುಕೊಳ್ಳುತ್ತಾರೆ ಎಂದು ಈ ವಾರ ವಿಚಾರಿಸಬೇಕಾಗಿದೆ.